ಸೇನೆ ಬಿಚ್ಚಿ ಜೋಡಿಸಿದ ಪಿಸ್ತೂಲಿಗೆ ಬೆಲೆ ಕಟ್ಟಿದ್ದು: ಒಂದು ಪ್ರಕರಣ ಅಧ್ಯಯನ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಪಿಟ್ಸ್‌ಬರ್ಗ್ ಹತ್ತಿರ ನೆಲೆಸಿರುವ ಕನ್ನಡದ ಗೆಳೆಯರೊಬ್ಬರ ಮನೆಯ ಪ್ರಕರಣ ಇದು. ಅವರ ಹೆಂಡತಿ ಅಲ್ಲಿಯವರೇ. ಆಕೆಯ ತಂದೆ ತೀರಿಕೊಂಡ ಮೇಲೆ ಆಸ್ತಿಯೆಲ್ಲ ಉಯಿಲಿನಂತೆ ತಾಯಿಯ ಹೆಸರಿಗೆ ಬಂತು. ತಾಯಿ ತಾವು ಗಟ್ಟಿಯಾಗಿರುವಾಗಲೇ ಮಗನಿಗೂ ಮಗಳಿಗೂ ಸಮನಾಗಿ ಹಂಚಿಬಿಡಬೇಕೆಂದು ಹೊರಟರು. ಹೆಚ್ಚಿನದೆಲ್ಲ ಸುಲಭವಾಗಿ ಮುಗಿಯಿತು. ಮುಗಿಯದೆ ಉಳಿದದ್ದು ಒಂದು ಪಿಸ್ತೂಲು. ಅಮೆರಿಕದ ಸೇನೆಯ ಎಂ1911ಎ1, .45 ಬೋರು, ಏಳು ಗುಂಡಿನ ಮ್ಯಾಗಜೀನ್. ಅದು ಮಗನಿಗೆ ಹೋಗಬೇಕು, ಅದರ ಅರ್ಧ ಬೆಲೆಯನ್ನು ಅವನು ತಂಗಿಗೆ ಕೊಡಬೇಕು ಎಂಬುದು ತಾಯಿಯ ಇಚ್ಛೆ. ಬೆಲೆ ಎಷ್ಟು?

ಮಗ ಊರಿನ ಬಂದೂಕು ಅಂಗಡಿಯೊಂದರಲ್ಲಿ ತೋರಿಸಿದ್ದ. ಅಂಗಡಿಯವರು 800 ಡಾಲರಿಗೆ ಕೊಳ್ಳುತ್ತೇವೆ ಎಂದಿದ್ದರು. ಗೆಳೆಯರು ಇಂಟರ್ನೆಟ್ಟಿನಲ್ಲಿ ಹುಡುಕಿದಾಗ, ಸ್ಲೈಡಿನ (ಪಿಸ್ತೂಲಿನ ಹಿಂದೆ ಮುಂದೆ ಜಾರುವ ಮೇಲ್ಭಾಗ) ಮೇಲೆ ಇದರಂತೆಯೇ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಎಂಬ ಕಂಪನಿಯ ಹೆಸರು ಕೊರೆದಿದ್ದ ಪಿಸ್ತೂಲಿಗೆ 6,000 ಡಾಲರ್ ಕೇಳುತ್ತಿದ್ದುದು ಕಂಡಿತ್ತು. ನನಗೆ ಫೋನು ಮಾಡಿದಾಗ ಅವರು ಹೇಳಿದ್ದು ಇಷ್ಟೇ: "ದುಡ್ಡಿನ ಆಸೆಗಲ್ಲ ಸರ್. ನಾಳೆ ಅಣ್ಣ ತಂಗಿ ಮಧ್ಯೆ ಒಂದು ಮಾತು ಬರಬಾರದು. ನೀವು ಬಂದು ಒಂದು ಸಲ ನೋಡಿ, ನ್ಯಾಯವಾಗಿ ಎಷ್ಟು ಅಂತ ಹೇಳಿಬಿಡಿ."

ಹಳೆಯ ಸೇನಾ ಪಿಸ್ತೂಲುಗಳನ್ನು ಕೊಂಡು, ಬಿಚ್ಚಿ, ಓದಿ ಕಲಿತ ಅನುಭವ ನನಗಿದೆ. ಈ ಪ್ರಕರಣವನ್ನು ಬರೆಯಲು ಕಾರಣ, ಇದರಲ್ಲಿ 800 ಡಾಲರೂ ಸರಿಯಲ್ಲ, 6,000 ಡಾಲರೂ ಸರಿಯಲ್ಲ, ಎರಡರ ಸರಾಸರಿ ಅಂತೂ ಖಂಡಿತ ಸರಿಯಲ್ಲ. ನ್ಯಾಯವಾದ ಬೆಲೆ ಆ ಲೋಹದ ಮೇಲೇ ಬರೆದಿತ್ತು, ಅದನ್ನು ಓದಬೇಕಿತ್ತು.

ಯಾವ ಬೆಲೆ ಬೇಕು?

ಪಿಸ್ತೂಲನ್ನು ಮುಟ್ಟುವ ಮೊದಲು ಇದನ್ನು ತೀರ್ಮಾನಿಸಿಕೊಂಡೆವು. ಅಂಗಡಿಯವರು ಹೇಳಿದ್ದು ಅವರು ಕೊಳ್ಳುವ ಬೆಲೆ. ಅದನ್ನು ಮತ್ತೆ ಮಾರಿ, ಬಾಡಿಗೆ ಕಟ್ಟಿ, ಲಾಭ ಉಳಿಸಿಕೊಳ್ಳಬೇಕಾದ ವ್ಯಾಪಾರಿ ಮಾರುಕಟ್ಟೆ ಬೆಲೆಗಿಂತ ಮೂರನೇ ಒಂದು ಪಾಲು ಕಡಿಮೆ ಹೇಳುವುದು ಸಹಜ, ಅದರಲ್ಲಿ ಮೋಸವಿಲ್ಲ. ಇಂಟರ್ನೆಟ್ಟಿನಲ್ಲಿ ಕಂಡದ್ದು ಮಾರುವವನು ಕೇಳುತ್ತಿರುವ ಬೆಲೆ. ಕೇಳಲು ಯಾರೂ ಏನನ್ನಾದರೂ ಕೇಳಬಹುದು, ಆ ಪಿಸ್ತೂಲು ತಿಂಗಳುಗಟ್ಟಲೆ ಹಾಗೇ ಬಿದ್ದಿರಲೂಬಹುದು. ನೋಡಬೇಕಾದ್ದು ನಿಜವಾಗಿ ಮಾರಾಟವಾಗಿ ಹಣ ಕೈಬದಲಾದ ಬೆಲೆಗಳನ್ನು. ಅಲ್ಲೂ ಒಂದು ಎಚ್ಚರ ಬೇಕು: ಹರಾಜು ಸಂಸ್ಥೆಗಳು ಕೊಂಡವರ ಮೇಲೆ ಬೇರೆ ಕಮಿಷನ್ ಹಾಕುತ್ತವೆ, ಮಾರಿದವರಿಂದಲೂ ಒಂದಷ್ಟು ಹಿಡಿದುಕೊಳ್ಳುತ್ತವೆ. ಹರಾಜಿನ ಅಂಕಿಯಷ್ಟು ಹಣ ಮಾರಿದವರ ಕೈಗೆ ಬಂದಿರುವುದಿಲ್ಲ. ಪಾಲು ಮಾಡುವಾಗ ಬೇಕಾದದ್ದು, ಅವಸರವಿಲ್ಲದೆ ಮಾರುವವನು ವಿಷಯ ಬಲ್ಲ ಗ್ರಾಹಕನಿಂದ ಪಡೆಯಬಹುದಾದ ಬೆಲೆ. ಅಣ್ಣ, ತಂಗಿ, ತಾಯಿ ಮೂವರೂ ಇದಕ್ಕೆ ಒಪ್ಪಿದ ಮೇಲೆಯೇ ಕಪಾಟು ತೆಗೆಸಿದ್ದು.

ಇಂಥ ಪಿಸ್ತೂಲು ಎದುರಿಗೆ ಬಂದಾಗ ನಾನು ಮಾಡುವ ಮೊದಲ ಕೆಲಸ ಒಂದೇ, ಅದರಲ್ಲಿ ವಿನಾಯಿತಿ ಇಲ್ಲ. ಮ್ಯಾಗಜೀನ್ ಹೊರಗೆ ತೆಗೆಯುವುದು, ಸ್ಲೈಡನ್ನು ಹಿಂದಕ್ಕೆಳೆದು ತಡೆಹಾಕಿ ನಿಲ್ಲಿಸುವುದು, ಚೇಂಬರಿನೊಳಗೆ ಕಣ್ಣಿಂದ ನೋಡುವುದು, ಕಿರುಬೆರಳಿನಿಂದ ಮುಟ್ಟಿಯೂ ನೋಡುವುದು. ಮ್ಯಾಗಜೀನ್ ತೆಗೆದರೆ ಪಿಸ್ತೂಲು ಖಾಲಿ ಎಂದು ನಂಬಿದವರು ಎಷ್ಟೋ ಮನೆಗಳಲ್ಲಿ ಪ್ರಾಣ ಕಳೆದಿದ್ದಾರೆ. ಚೇಂಬರಿನಲ್ಲಿ ಕುಳಿತ ಒಂದು ಗುಂಡು ಮ್ಯಾಗಜೀನ್ ಜೊತೆ ಹೊರಗೆ ಬರುವುದಿಲ್ಲ. ಸತ್ತವರ ಕಪಾಟಿನಿಂದ ಬಂದ ಯಾವ ಬಂದೂಕನ್ನೂ ತುಂಬಿದೆ ಎಂದೇ ಭಾವಿಸಬೇಕು. ಇದು ಖಾಲಿ ಇತ್ತು.

ಎಡಗಡೆ ಒಂದು ಹೆಸರು, ಬಲಗಡೆ ಇನ್ನೊಂದು ಕಥೆ

ಸ್ಲೈಡಿನ ಎಡಮಗ್ಗುಲಲ್ಲಿ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಕಂಪನಿಯ ಗುರುತು, ಕೆಳಗೆ 'ಸ್ವಿಸ್‌ವೇಲ್, ಪೆನ್ಸಿಲ್ವೇನಿಯಾ' ಎಂಬ ಊರಿನ ಹೆಸರು. ಮನೆಯವರ ಕಣ್ಣು ಅರಳಿದ್ದು ಇದಕ್ಕೇ. ಸ್ವಿಸ್‌ವೇಲ್ ಪಿಟ್ಸ್‌ಬರ್ಗಿನ ಅಂಚಿನ ಊರು. ಜಾರ್ಜ್ ವೆಸ್ಟಿಂಗ್‌ಹೌಸ್ 1881ರಲ್ಲಿ ಸ್ಥಾಪಿಸಿದ ಈ ಕಂಪನಿ ರೈಲ್ವೆ ಸಿಗ್ನಲ್ ಮಾಡುತ್ತಿತ್ತು. ಎರಡನೆಯ ಮಹಾಯುದ್ಧ ಬಂದಾಗ ಕೋಲ್ಟ್ ಕಂಪನಿಯೊಂದೇ ಸೇನೆಗೆ ಸಾಕಾಗುವಷ್ಟು ಪಿಸ್ತೂಲು ಮಾಡಲಾಗದೆ, ಲೋಹದ ಕೆಲಸ ಬಲ್ಲ ಬೇರೆ ಕಾರ್ಖಾನೆಗಳಿಗೂ ಗುತ್ತಿಗೆ ಹೋಯಿತು. ಯೂನಿಯನ್ ಸ್ವಿಚ್ 1943ರಲ್ಲಿ 55,000 ಪಿಸ್ತೂಲು ಮಾಡಿತು. ಒಂಬತ್ತು ಲಕ್ಷದ ಆಸುಪಾಸು ಮಾಡಿದ ರೆಮಿಂಗ್ಟನ್ ರಾಂಡ್ ಎದುರಿಗೆ ಇದು ತೀರಾ ಕಡಿಮೆ, ಹಾಗಾಗಿಯೇ ಸಂಗ್ರಹಕಾರರಲ್ಲಿ ಇದಕ್ಕೆ ಬೇಡಿಕೆ ಹೆಚ್ಚು.

ಈ ತರ್ಕದ ತುತ್ತತುದಿಯಲ್ಲಿರುವುದು ಹೊಲಿಗೆ ಯಂತ್ರದ ಸಿಂಗರ್ ಕಂಪನಿ. ನಮ್ಮ ಅಜ್ಜಿಯರ ಕಾಲದ ಅದೇ ಸಿಂಗರ್. ಅದು ಮಾಡಿದ್ದು ಬರೀ 500 ಪಿಸ್ತೂಲು. 2017ರಲ್ಲಿ ಅಂಥದೊಂದು ಹರಾಜಿನಲ್ಲಿ ನಾಲ್ಕು ಲಕ್ಷ ಡಾಲರ್ ದಾಟಿತು. ಇಂಥ ಸುದ್ದಿ ಒಮ್ಮೆ ಓದಿದವರಿಗೆ ತಮ್ಮ ಕಪಾಟಿನಲ್ಲಿರುವುದೂ ಭಾರೀ ನಿಧಿಯೇ ಎನಿಸತೊಡಗುತ್ತದೆ. ತಪ್ಪೇನಲ್ಲ, ಆದರೆ ಪರೀಕ್ಷೆ ಆಗಬೇಕು.

ಪಿಸ್ತೂಲನ್ನು ತಿರುಗಿಸಿ ಬಲಗಡೆಯ ಫ್ರೇಮ್, ಎಂದರೆ ಹಿಡಿಯಿರುವ ಕೆಳಭಾಗ, ನೋಡಿದೆ. ಅಮೆರಿಕದ ಕಾನೂನಿನ ಕಣ್ಣಿನಲ್ಲಿ ಪಿಸ್ತೂಲು ಎಂದರೆ ಫ್ರೇಮ್. ಸೀರಿಯಲ್ ನಂಬರು ಅದರ ಮೇಲೇ ಇರುತ್ತದೆ. ಜರ್ಮನ್ ಸೇನೆಯ ಪಿ38 ಪಿಸ್ತೂಲಿನಲ್ಲಿ ಫ್ರೇಮ್, ಸ್ಲೈಡ್, ಬ್ಯಾರೆಲ್ ಮೂರಕ್ಕೂ ನಂಬರು ಹೊಡೆಯುತ್ತಿದ್ದರು, ನಂಬರು ಕೂಡಿದರೆ ಒಂದು ಬೆಲೆ, ಕೂಡದಿದ್ದರೆ ಇನ್ನೊಂದು. ರೆಮಿಂಗ್ಟನ್ ರಾಂಡ್, ಯೂನಿಯನ್ ಸ್ವಿಚ್‌ನಂಥ ಗುತ್ತಿಗೆ ಕಂಪನಿಗಳ ಎಂ1911ಎ1ನಲ್ಲಿ ಆ ಸೌಲಭ್ಯವಿಲ್ಲ, ನಂಬರು ಇರುವುದು ಫ್ರೇಮಿನ ಮೇಲೆ ಮಾತ್ರ. "ಎಲ್ಲಾ ನಂಬರೂ ಮ್ಯಾಚ್ ಆಗ್ತಾವೆ" ಎಂದು ಯಾರಾದರೂ ಅಂಥ ಎಂ1911ಎ1 ಮಾರಲು ಬಂದರೆ, ಅವರಿಗೆ ವಿಷಯ ಗೊತ್ತಿಲ್ಲ ಎಂದೇ ಲೆಕ್ಕ. ಇಲ್ಲಿ ಬಿಡಿಭಾಗಗಳ ನಂಟನ್ನು ಬೇರೆ ಗುರುತುಗಳಿಂದ ಕಂಡುಹಿಡಿಯಬೇಕು.

ಯೂನಿಯನ್ ಸ್ವಿಚ್‌ಗೆ ಹಂಚಿದ್ದ ಸೀರಿಯಲ್ ನಂಬರುಗಳು 1041405ರಿಂದ 1096404ರವರೆಗೆ. ಈ ಫ್ರೇಮಿನ ನಂಬರು 9 ಲಕ್ಷ 80 ಸಾವಿರದ ಹತ್ತಿರ ಇತ್ತು. ಅದು ರೆಮಿಂಗ್ಟನ್ ರಾಂಡ್‌ಗೆ ಕೊಟ್ಟ 916405ರಿಂದ 1041404ರವರೆಗಿನ ಗುಂಪಿಗೆ ಸೇರಿದ್ದು. ಫ್ರೇಮಿನ ಎಡಗಡೆ ಎಫ್‌ಜೆಎ ಎಂಬ ಮೂರಕ್ಷರವಿತ್ತು. ಅದು ರಾಚೆಸ್ಟರ್ ವಲಯದ ಸೇನಾ ತಪಾಸಣಾಧಿಕಾರಿ ಫ್ರಾಂಕ್ ಜೆ. ಅಟ್‌ವುಡ್ ಅವರದು. ರೆಮಿಂಗ್ಟನ್ ರಾಂಡ್ ಮತ್ತು ಇಥಾಕಾ ಕಂಪನಿಗಳ ಪಿಸ್ತೂಲುಗಳ ಮೇಲೆ ಈ ಗುರುತು ಬರುತ್ತದೆ. ಯೂನಿಯನ್ ಸ್ವಿಚ್ ಫ್ರೇಮ್ ಆಗಿದ್ದರೆ ಪಿಟ್ಸ್‌ಬರ್ಗ್ ವಲಯದ ರಾಬರ್ಟ್ ಸಿ. ಡೌನಿ ಅವರ ಆರ್‌ಸಿಡಿ ಇರಬೇಕಿತ್ತು. ಎರಡು ಸಾಕ್ಷ್ಯವೂ ಒಂದೇ ಮಾತು ಹೇಳಿದವು. 6,000 ಡಾಲರಿನ ಪ್ರಶ್ನೆ ಅಲ್ಲಿಗೆ ಮುಗಿಯಿತು.

ರೆಮಿಂಗ್ಟನ್ ರಾಂಡ್ ಬಗ್ಗೆ ಒಂದು ಮಾತು. ಇದು ಬಂದೂಕಿನ ರೆಮಿಂಗ್ಟನ್ ಕಂಪನಿಯಲ್ಲ, ಟೈಪ್‌ರೈಟರಿನ ರೆಮಿಂಗ್ಟನ್. ನಮ್ಮ ಕೋರ್ಟುಗಳ ಮುಂದೆ, ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ದಶಕಗಳ ಕಾಲ ಟಕಟಕಿಸಿದ ಹೆಸರು. ಟೈಪ್‌ರೈಟರಿನವರು ಪಿಸ್ತೂಲು ಮಾಡಿದರೆ ಹೇಗಿರುತ್ತದೋ ಎಂದು ಅನುಮಾನಿಸುವವರಿದ್ದಾರೆ. ಮೊದಮೊದಲು ಬಿಡಿಭಾಗಗಳ ಹೊಂದಾಣಿಕೆಯಲ್ಲಿ ಅವರಿಗೆ ತೊಂದರೆ ಬಂದದ್ದೂ ಹೌದು. ಆಮೇಲೆ ಅವರದು ಯಾರಿಗೂ ಕಡಿಮೆಯಿಲ್ಲದ ಕೆಲಸ.

ಬಣ್ಣ ಹೇಳಿದ ಸಾಕ್ಷಿ

ಒಂದು ಕಂಪನಿಯ ಫ್ರೇಮ್, ಇನ್ನೊಂದರ ಸ್ಲೈಡ್. ಕಲಬೆರಕೆ. ಇಲ್ಲಿಗೇ ನಿಲ್ಲಿಸುವವರು 800 ಡಾಲರಿಗೆ ಬಂದು ಮುಟ್ಟುತ್ತಾರೆ. ಆದರೆ ಕಲಬೆರಕೆ ಮಾಡಿದವರು ಯಾರು ಎಂಬ ಪ್ರಶ್ನೆಯೇ ಈ ಪ್ರಕರಣದ ಜೀವ. ಮನೆಯ ಗ್ಯಾರೇಜಿನಲ್ಲಿ ಯಾರೋ ಹವ್ಯಾಸಿ ಮೂರು ಕಡೆಯಿಂದ ತುಣುಕು ತಂದು ಕೂಡಿಸಿದ್ದೂ ಕಲಬೆರಕೆಯೇ, ಸೇನೆಯೇ ತನ್ನ ಶಸ್ತ್ರಾಗಾರದಲ್ಲಿ ಕೂಡಿಸಿದ್ದೂ ಕಲಬೆರಕೆಯೇ. ಎರಡಕ್ಕೂ ಒಂದೇ ಬೆಲೆ ಕಟ್ಟಿದರೆ ಅನ್ಯಾಯ.

ಅಮೆರಿಕದ ಸೇನೆ 1945ರ ನಂತರ ಈ ಮಾದರಿಯ ಹೊಸ ಪಿಸ್ತೂಲುಗಳಿಗೆ ಗುತ್ತಿಗೆ ಕೊಡಲಿಲ್ಲ. 1985ರಲ್ಲಿ ಬೆರೆಟ್ಟಾ ಎಂ9 ಬರುವವರೆಗೆ ನಾಲ್ಕು ದಶಕ ಇವೇ ಪಿಸ್ತೂಲುಗಳನ್ನು ಮತ್ತೆ ಮತ್ತೆ ದುರಸ್ತಿ ಮಾಡಿ ನಡೆಸಿತು. ದುರಸ್ತಿಗೆ ಬಂದ ಪಿಸ್ತೂಲುಗಳನ್ನು ಪೂರ್ತಿ ಬಿಚ್ಚಿ, ಸ್ಲೈಡುಗಳನ್ನೊಂದು ಕಡೆ, ಫ್ರೇಮುಗಳನ್ನೊಂದು ಕಡೆ ಹಾಕಿ, ಅಳತೆ ನೋಡಿ, ಸವೆದದ್ದನ್ನು ಎಸೆದು, ಉಳಿದದ್ದಕ್ಕೆ ಫಾಸ್ಫೇಟ್ ಲೇಪ ಕೊಟ್ಟು ಹೊಸದಾಗಿ ಜೋಡಿಸುತ್ತಿದ್ದರು. ಪಾರ್ಕರೈಸಿಂಗ್ ಎಂದು ಕರೆಯುವುದು ಇದನ್ನೇ. ಯಾವ ಸ್ಲೈಡ್ ಯಾವ ಫ್ರೇಮಿನದು ಎಂದು ನೆನಪಿಟ್ಟುಕೊಳ್ಳುವ ಅಗತ್ಯವೇ ಅವರಿಗಿರಲಿಲ್ಲ. ಯಾವ ಕಂಪನಿಯ ತುಣುಕು ಯಾವುದಕ್ಕೂ ಕೂಡಬೇಕು ಎಂಬುದೇ ಗುತ್ತಿಗೆಯ ಮೂಲ ಷರತ್ತು. ಆ ಷರತ್ತು ಪಾಲಿಸಲ್ಪಟ್ಟಿತು ಎಂಬುದಕ್ಕೆ ಇಂಥ ಪಿಸ್ತೂಲುಗಳೇ ಪುರಾವೆ.

ಯೂನಿಯನ್ ಸ್ವಿಚ್ ಸ್ಲೈಡುಗಳು ಕಾರ್ಖಾನೆಯಿಂದ ಬಂದದ್ದು ಡ್ಯುಲೈಟ್ ಎಂಬ ನೀಲಿಗಪ್ಪು ಬಣ್ಣದಲ್ಲಿ. ಈ ಸಂಖ್ಯೆಯ ರೆಮಿಂಗ್ಟನ್ ರಾಂಡ್ ಫ್ರೇಮೂ ಮೊದಲು ಆ ಬಣ್ಣದ್ದೇ. ನಮ್ಮ ಮುಂದಿದ್ದ ಪಿಸ್ತೂಲಿನಲ್ಲಿ ಎರಡೂ ಹಸಿರು ಛಾಯೆಯ ಬೂದು ಬಣ್ಣ. ಅಂದರೆ ಎರಡಕ್ಕೂ ಆಮೇಲೆ ಲೇಪವಾಗಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಎರಡರ ಛಾಯೆಯೂ ಒಂದೇ. ಬೇರೆಬೇರೆ ತೊಟ್ಟಿಯಲ್ಲಿ ಬೇರೆಬೇರೆ ಕಾಲದಲ್ಲಿ ಅದ್ದಿದ್ದರೆ ಒಂದು ಕಪ್ಪಗೆ, ಇನ್ನೊಂದು ಬೆಳ್ಳಗೆ ಕಾಣುವ ಸಂಭವವೇ ಹೆಚ್ಚು. ಬಿಚ್ಚಿ ನೋಡಿದಾಗ ಸ್ಲೈಡಿನ ಒಳಗಾಲುವೆಯೂ ಫ್ರೇಮಿನ ಮೇಲಿನ ಹಳಿಯೂ ಒಂದೇ ಜಾಗದಲ್ಲಿ, ಒಂದೇ ಪ್ರಮಾಣದಲ್ಲಿ ಲೇಪ ಉಜ್ಜಿಹೋಗಿದ್ದವು. ಲೇಪವಾದ ದಿನದಿಂದ ಇವೆರಡೂ ಜೊತೆಯಲ್ಲೇ ಓಡಾಡಿವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಫ್ರೇಮಿನ ಎಡಗಡೆ ಚಿಕ್ಕದಾಗಿ ಎಎ ಎಂಬ ಎರಡಕ್ಷರವಿತ್ತು. ಜಾರ್ಜಿಯಾ ರಾಜ್ಯದ ಆಗಸ್ಟಾ ಆರ್ಸೆನಲ್ ಎಂಬ ಸೇನಾ ಶಸ್ತ್ರಾಗಾರದ ಗುರುತು ಅದು. ಅಕ್ಷರದ ಅಂಚುಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಲೇಪ ಆ ಅಕ್ಷರಗಳ ಗುಣಿಯೊಳಗೂ ಸಮನಾಗಿ ಹರಡಿತ್ತು. ಇತ್ತೀಚೆಗೆ ಹೊಡೆದ ನಕಲಿ ಗುರುತಾಗಿದ್ದರೆ ಒಳಗೆ ಹೊಳೆಯುವ ಬಿಳಿ ಉಕ್ಕು ಇಣುಕುತ್ತದೆ, ಅಥವಾ ಸುತ್ತಲಿನ ಲೇಪ ಒಡೆದಿರುತ್ತದೆ. ಆಗಸ್ಟಾ ಆರ್ಸೆನಲ್ 1955ರಲ್ಲಿ ಮುಚ್ಚಿತು, ಆ ಜಾಗ ಈಗ ವಿಶ್ವವಿದ್ಯಾಲಯದ ಆವರಣ. ಹಾಗಾಗಿ ದುರಸ್ತಿ ಅದಕ್ಕಿಂತ ಹಿಂದಿನದು.

ಬ್ಯಾರೆಲ್ ಯುದ್ಧಾನಂತರದ್ದು. ಮೂಲ ಯೂನಿಯನ್ ಸ್ವಿಚ್ ಪಿಸ್ತೂಲಿನಲ್ಲಿ ಹೈ ಸ್ಟಾಂಡರ್ಡ್ ಕಂಪನಿಯ ಎಚ್‌ಎಸ್ ಗುರುತಿನ ಬ್ಯಾರೆಲ್ ಇರಬೇಕು, ಇದರ ಮೇಲೆ 7ರಿಂದ ಶುರುವಾಗುವ ಏಳಂಕಿಯ ಸೇನಾ ನಕ್ಷೆಯ ಸಂಖ್ಯೆ ಇತ್ತು. ಇದರಿಂದ ಒಂದು ಲಾಭವೂ ಉಂಟು. ಅಮೆರಿಕದ ಸೇನೆಯ .45 ಗುಂಡುಗಳಲ್ಲಿ 1950ರ ದಶಕದ ಆರಂಭದವರೆಗೂ ತುಕ್ಕು ತರುವ ಸಿಡಿಮದ್ದು ಬಳಸುತ್ತಿದ್ದರು. ಹೊಡೆದ ದಿನವೇ ತೊಳೆಯದಿದ್ದರೆ ಬ್ಯಾರೆಲಿನ ಒಳಗೆ ಗುಳಿಗಳು ಬೀಳುತ್ತಿದ್ದವು. ಯುದ್ಧಕಾಲದ ಮೂಲ ಬ್ಯಾರೆಲುಗಳಲ್ಲಿ ಎಷ್ಟೋ ಹೀಗೆ ಕೆಟ್ಟಿವೆ. ಇದರ ಒಳಗೆ ಬೆಳಕು ಹಾಯಿಸಿದಾಗ ಸುರುಳಿಗೆರೆಗಳು ಚೂಪಾಗಿ, ಶುಭ್ರವಾಗಿ ಕಂಡವು. ಸಂಗ್ರಹಕಾರನಿಗೆ ಇದು ಬದಲಿ ಬ್ಯಾರೆಲ್, ಗುರಿ ಹೊಡೆಯುವವನಿಗೆ ಒಳ್ಳೆಯ ಬ್ಯಾರೆಲ್.

ಬಿರುಕು ಹುಡುಕುವ ಕೆಲಸಕ್ಕೆ ಹೆಚ್ಚು ಹೊತ್ತು ಕೊಟ್ಟೆ. ಯುದ್ಧಕಾಲದ ಸ್ಲೈಡುಗಳನ್ನು ಕೆಲವು ಭಾಗದಲ್ಲಿ ಮಾತ್ರ ಗಟ್ಟಿಗೊಳಿಸುತ್ತಿದ್ದರು, ಉಳಿದದ್ದು ಮೆದು. ತೋಟೆ ಹೊರಬೀಳುವ ಕಿಂಡಿಯ ಮೂಲೆಗಳು ಮತ್ತು ಸ್ಲೈಡ್ ತಡೆಯುವ ಕಚ್ಚು, ಇವೆರಡು ಜಾಗದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆ ಸ್ಲೈಡಿನ ಬೆಲೆ ನೆಲಕಚ್ಚುತ್ತದೆ. ಇಲ್ಲಿ ಯಾವುದೂ ಇರಲಿಲ್ಲ. ಹಿಡಿಯ ಎರಡೂ ಹಲಗೆಗಳನ್ನು ಬಿಚ್ಚಿಸಿದೆ. ಬೆವರು, ತೇವ ಸೇರಿಕೊಂಡು ಒಳಗೊಳಗೇ ತುಕ್ಕು ತಿನ್ನುವುದು ಹಲಗೆಯ ಕೆಳಗೇ, ಮಾರುವವರ ಫೋಟೋಗಳಲ್ಲಿ ಆ ಭಾಗ ಎಂದೂ ಕಾಣುವುದಿಲ್ಲ. ಒಂದೆರಡು ಸಣ್ಣ ಚುಕ್ಕೆ ಬಿಟ್ಟರೆ ಶುದ್ಧವಾಗಿತ್ತು. ಹಲಗೆಗಳು ಮಾತ್ರ ಸೇನೆಯ ಕಂದು ಪ್ಲಾಸ್ಟಿಕ್ಕಿನವಲ್ಲ, ಯಾವಾಗಲೋ ಹಾಕಿಸಿದ ಮರದವು. ಸುರಕ್ಷಾ ಕೀಲಿ, ಹಿಡಿಯ ಕೀಲಿ, ಕುದುರೆಯ ಅರ್ಧತಡೆ ಎಲ್ಲ ಸರಿಯಾಗಿ ಕೆಲಸ ಮಾಡಿದವು. ಆಮದುದಾರರ ಹೆಸರು ಎಲ್ಲೂ ಇರಲಿಲ್ಲ. ಹೊರದೇಶಕ್ಕೆ ಹೋಗಿ ಮತ್ತೆ ಅಮೆರಿಕಕ್ಕೆ ಬಂದ ಸೇನಾ ಪಿಸ್ತೂಲಿನ ಮೇಲೆ ಆ ಹೆಸರು ಕೊರೆಯುವುದು ಕಡ್ಡಾಯ, ಅದು ಇದ್ದರೆ ಬೆಲೆ ಇಳಿಯುತ್ತದೆ.

ಡಬ್ಬಿಯಲ್ಲಿದ್ದ ಕಾಗದ

ಮನೆಯಲ್ಲಿ ಎಲ್ಲರೂ ನಂಬಿದ್ದ ಕಥೆ ಬೇರೆ ಇತ್ತು. ಅಪ್ಪ ಕೊರಿಯಾ ಯುದ್ಧದಲ್ಲಿದ್ದವರು, ಅಲ್ಲಿ ಸೊಂಟದಲ್ಲಿ ಕಟ್ಟಿಕೊಂಡಿದ್ದ ಪಿಸ್ತೂಲನ್ನೇ ಮನೆಗೆ ತಂದರು ಎಂದು. ಮಗನಿಗೆ ಆ ಕಥೆಯ ಮೇಲೆ ಪ್ರಾಣ. ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದು ದಿನ ಕೋವಿಗೆ ಹೂವಿಟ್ಟು ಪೂಜಿಸುವುದನ್ನು ಕಂಡವರಿಗೆ, ಹಿರಿಯರ ಆಯುಧದ ಜೊತೆ ಒಂದು ಮನೆತನದ ಮನಸ್ಸು ಹೇಗೆ ಬೆಸೆದಿರುತ್ತದೆ ಎಂದು ವಿವರಿಸಬೇಕಾಗಿಲ್ಲ. ಆದರೆ ಬಾಯಿಮಾತಿನ ಕಥೆಗೆ ಬೆಲೆ ಕಟ್ಟಲಾಗುವುದಿಲ್ಲ. ಅಷ್ಟೇ ಅಲ್ಲ, ಈ ಕಥೆ ನಿಜವಾದರೆ ತೊಂದರೆ. ಫ್ರೇಮಿನ ಮೇಲೆ 'ಯುನೈಟೆಡ್ ಸ್ಟೇಟ್ಸ್ ಪ್ರಾಪರ್ಟಿ' ಎಂದು ಬರೆದಿದೆ. ಸೈನಿಕ ತನಗೆ ಕೊಟ್ಟ ಸರ್ಕಾರಿ ಪಿಸ್ತೂಲನ್ನು ಹಾಗೇ ಮನೆಗೆ ತಂದಿದ್ದರೆ ಅದು ಸರ್ಕಾರದ ಸ್ವತ್ತೇ ಆಗಿ ಉಳಿಯುತ್ತದೆ.

ಗೆಳೆಯರ ಅತ್ತೆಯವರಿಗೆ ಕೇಳಿದೆ, ಹಳೆಯ ಕಾಗದ ಪತ್ರ ಏನಾದರೂ ಇದೆಯೇ ಎಂದು. ಗಂಡ ಎಲ್ಲ ರಸೀದಿಯನ್ನೂ ಎತ್ತಿಡುವ ಸ್ವಭಾವದವರು ಎಂದು ಹೇಳಿ ಅವರು ಒಂದು ತಗಡಿನ ಡಬ್ಬಿ ತಂದಿಟ್ಟರು. ತೆರಿಗೆ ಕಾಗದ, ವಿಮೆ, ಮದುವೆಯ ಪತ್ರಗಳ ನಡುವೆ 1962ರ ಒಂದು ಸಾಗಣೆ ಪತ್ರ ಸಿಕ್ಕಿತು. ಸೇನೆಯ ಡಿಪೋ ಒಂದರಿಂದ ಅವರ ಹೆಸರಿಗೆ ಬಂದ .45 ಪಿಸ್ತೂಲು ಒಂದು, ಪಕ್ಕದಲ್ಲೇ ಸೀರಿಯಲ್ ನಂಬರು. ಫ್ರೇಮಿನ ನಂಬರಿನ ಜೊತೆ ಒಂದೊಂದೇ ಅಂಕಿ ಓದಿ ಹೋಲಿಸಿದೆವು. ಪೂರ್ತಿ ಕೂಡಿತು.

ಆ ಕಾಲದಲ್ಲಿ ಸೇನೆಯ ನಾಗರಿಕ ಗುರಿಗಾರಿಕೆ ವಿಭಾಗ, ಡಿಸಿಎಂ, ರಾಷ್ಟ್ರೀಯ ರೈಫಲ್ ಸಂಘದ ಸದಸ್ಯರಿಗೆ ಹೆಚ್ಚುವರಿ ಪಿಸ್ತೂಲುಗಳನ್ನು ಕಡಿಮೆ ಬೆಲೆಗೆ ಮಾರುತ್ತಿತ್ತು. ಅವರು ತರಿಸಿಕೊಂಡದ್ದು ಹಾಗೆ. ಕೊರಿಯಾದಲ್ಲಿದ್ದದ್ದೂ ನಿಜ, ಪಿಸ್ತೂಲು ಬಂದದ್ದೂ ನಿಜ, ವರ್ಷಗಳು ಕಳೆದಂತೆ ಆ ಎರಡೂ ಸಂಗತಿಗಳು ಮನೆಯ ಮಾತಿನಲ್ಲಿ ಒಂದಾಗಿ ಹೆಣೆದುಕೊಂಡಿದ್ದವು.

ಮಗನ ಮುಖ ಸ್ವಲ್ಪ ಬಾಡಿತು. ಅವನಿಗೆ ನಾನು ಮನಃಪೂರ್ವಕವಾಗಿ ಹೇಳಿದ್ದೆಂದರೆ, ಈ ಕಾಗದ ನಿನ್ನ ತಂದೆಯ ಪಿಸ್ತೂಲಿನ ಮಾನ ಕಾಪಾಡಿದೆ. ಇದು ಕದ್ದ ಮಾಲಲ್ಲ, ಸರ್ಕಾರವೇ ಮಾರಿದ್ದು ಎಂದು ಇನ್ನು ಯಾರಿಗೂ ತೋರಿಸಬಹುದು. 1955ರೊಳಗೆ ಆಗಸ್ಟಾದಲ್ಲಿ ಜೋಡಣೆಯಾಗಿ, 1962ರಲ್ಲಿ ಸೇನೆಯಿಂದ ನೇರ ಈ ಮನೆಗೆ ಬಂದಿದೆ. ನಡುವೆ ಬೇರೆ ಮಾಲೀಕ ಇಲ್ಲ. ಉಜ್ಜಿದ ಗುರುತುಗಳೂ ಲೇಪದ ಛಾಯೆಯೂ ಹೇಳಿದ್ದನ್ನೇ ಕಾಗದವೂ ಹೇಳಿತು. ಹೀಗೆ ಪಯಣ ಪೂರ್ತಿ ಓದಲು ಸಿಗುವ ದುರಸ್ತಿ ಪಿಸ್ತೂಲು ಅಪರೂಪ.

ಲೆಕ್ಕ

ಹೋಲಿಕೆಗೆ ಒಂದು ಗಟ್ಟಿ ನೆಲ ಇದೆ. ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಮ್ ಎಂಬ ಸಂಸ್ಥೆ, ಹಳೆಯ ಡಿಸಿಎಂನ ವಾರಸುದಾರ, ಸೇನೆಯ ಉಗ್ರಾಣದಲ್ಲಿ ಉಳಿದಿದ್ದ ಇದೇ ಮಾದರಿಯ ಪಿಸ್ತೂಲುಗಳನ್ನು 2018ರಿಂದ ಲಾಟರಿಯಂಥ ಸರದಿಯ ಮೇಲೆ ಮಾರತೊಡಗಿತು. ಮೊದಲ ಸುತ್ತಿನಲ್ಲಿ ಸ್ಥಿತಿಗೆ ತಕ್ಕಂತೆ 850, 950, 1,050 ಡಾಲರ್. ಅವೂ ಹೆಚ್ಚಾಗಿ ಇಂಥ ಕೂಡಿಸಿದ ಪಿಸ್ತೂಲುಗಳೇ. ಸರದಿ ಸಿಗದವರು ಕೈಬದಲಾದ ಮಾಲಿಗೆ ಇದಕ್ಕಿಂತ ಹೆಚ್ಚು ಕೊಡುತ್ತಾರೆ. ಈ ನೆಲದ ಮೇಲೆ ನಿಂತು, ನಿಜವಾಗಿ ಮಾರಾಟವಾದ ಇಂಥ ಪಿಸ್ತೂಲುಗಳನ್ನು ಪಕ್ಕದಲ್ಲಿಟ್ಟು ನೋಡಿ, ಬಿರುಕಿಲ್ಲದ, ಒಳ್ಳೆಯ ಬ್ಯಾರೆಲಿನ, ಸೇನೆಯೇ ದುರಸ್ತಿ ಮಾಡಿದ ಪಿಸ್ತೂಲಿಗೆ 1,200 ಡಾಲರ್ ಎಂದು ಆರಂಭದ ಬೆಲೆ ಹಾಕಿದೆ.

ಸೀರಿಯಲ್ ನಂಬರು ಕೂಡಿದ 1962ರ ಕಾಗದಕ್ಕೆ 400 ಸೇರಿಸಿದೆ. ಯೂನಿಯನ್ ಸ್ವಿಚ್ ಸ್ಲೈಡಿಗೆ 150. ಸೇನೆಯದಲ್ಲದ ಹಿಡಿ ಹಲಗೆಗಳಿಗೆ 50 ಕಳೆದೆ. ಒಟ್ಟು 1,700 ಡಾಲರ್.

ಸ್ಲೈಡಿಗೆ ಬರೀ 150 ಏಕೆ ಎಂದು ಗೆಳೆಯರು ಕೇಳಿದರು, ಕೇಳಬೇಕಾದ ಪ್ರಶ್ನೆಯೇ. ಬಿಡಿ ಸ್ಲೈಡಾಗಿ ಮಾರಿದರೆ ಅದಕ್ಕೆ ಇನ್ನೂ ಹೆಚ್ಚು ಸಿಗುತ್ತದೆ. ಅಲ್ಲೇ ಅಪಾಯ ಇರುವುದು. ಅವರ ಪರಿಚಯದ ವ್ಯಾಪಾರಿಯೊಬ್ಬರು ಆಗಲೇ ಒಂದು ಸಲಹೆ ಕೊಟ್ಟಿದ್ದರು: ಈ ಸ್ಲೈಡನ್ನು ತೆಗೆದು ಯೂನಿಯನ್ ಸ್ವಿಚ್ ಫ್ರೇಮ್ ಇಟ್ಟುಕೊಂಡವರಿಗೆ ಮಾರಿ, ಇದಕ್ಕೊಂದು ರೆಮಿಂಗ್ಟನ್ ರಾಂಡ್ ಸ್ಲೈಡ್ ತಂದು ಕೂರಿಸಿದರೆ ಎರಡೂ 'ಸರಿ' ಆಗುತ್ತವೆ ಎಂದು. ಈ ವ್ಯವಹಾರ ಸಂಗ್ರಹಕಾರರ ಲೋಕದಲ್ಲಿ ದಿನವೂ ನಡೆಯುತ್ತದೆ. ನಾನು ಇದನ್ನು ಬಲವಾಗಿ ವಿರೋಧಿಸುತ್ತೇನೆ. ಸೇನೆಯ ಕೈಯಲ್ಲಿ ಜೊತೆಯಾಗಿ ಅದ್ದಿ, ಜೊತೆಯಾಗಿ ಸವೆದ ಎರಡು ತುಣುಕುಗಳನ್ನು ಬೇರ್ಪಡಿಸಿದ ಕ್ಷಣ, ಈಗಷ್ಟೇ ನಾವು ಓದಿದ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಹೊಸ ಸ್ಲೈಡ್ ಕೂತ ಪಿಸ್ತೂಲು 1962ರಲ್ಲಿ ಡಿಪೋದಿಂದ ಬಂದ ಪಿಸ್ತೂಲಾಗಿ ಉಳಿಯುವುದಿಲ್ಲ, ಕಾಗದದ 400 ಡಾಲರೂ ಅದರ ಜೊತೆ ಹೋಗುತ್ತದೆ. ಆ ಕಡೆ ಸ್ಲೈಡ್ ಕೊಂಡವನು ಬೂದು ಲೇಪ ಕೆರೆಸಿ ನೀಲಿಗಪ್ಪು ಮಾಡಿಸಿ 'ಮೂಲ' ಎಂದು ಮಾರುತ್ತಾನೆ. ಒಂದು ಸತ್ಯವಾದ ಪಿಸ್ತೂಲಿನಿಂದ ಎರಡು ಸುಳ್ಳು ಪಿಸ್ತೂಲು ಹುಟ್ಟುತ್ತವೆ. ಹಿಡಿ ಹಲಗೆ ಬದಲಿಸಬಹುದು, ಸ್ಪ್ರಿಂಗ್ ಬದಲಿಸಬಹುದು, ತೆಗೆದದ್ದನ್ನು ಚೀಲದಲ್ಲಿಟ್ಟು ಮತ್ತೆ ಹಾಕಬಹುದು. ಲೇಪಕ್ಕೂ ಗುರುತಿಗೂ ಜೋಡಣೆಗೂ ಕೈಹಾಕಬಾರದು.

ಕಾನೂನಿನ ಒಂದು ಗಂಟು

ಪೆನ್ಸಿಲ್ವೇನಿಯಾದಲ್ಲಿ ಖಾಸಗಿಯವರ ನಡುವೆ ಪಿಸ್ತೂಲು ಕೈಬದಲಾಗಬೇಕಾದರೆ ಪರವಾನಗಿಯುಳ್ಳ ವ್ಯಾಪಾರಿಯ ಮೂಲಕ ಅಥವಾ ಷೆರಿಫ್ ಕಚೇರಿಯ ಮೂಲಕ ಆಗಬೇಕು. ಗಂಡ ಹೆಂಡತಿ, ತಂದೆ ತಾಯಿ ಮಕ್ಕಳು, ಅಜ್ಜ ಅಜ್ಜಿ ಮೊಮ್ಮಕ್ಕಳ ನಡುವೆ ಇದರಿಂದ ವಿನಾಯಿತಿ ಇದೆ. ಆದರೆ ಮಗ ಇದ್ದದ್ದು ಪಕ್ಕದ ಒಹಾಯೊ ರಾಜ್ಯದಲ್ಲಿ. ರಾಜ್ಯದ ಗಡಿ ದಾಟಿದರೆ ಕೇಂದ್ರದ ಕಾನೂನು ಬರುತ್ತದೆ. ಉಯಿಲಿನ ಮೂಲಕ ನೇರ ಬಂದಿದ್ದರೆ ಅದರಲ್ಲಿ ವಿನಾಯಿತಿ ಸಿಗುತ್ತಿತ್ತು. ಇಲ್ಲಿ ಉಯಿಲಿನಂತೆ ತಾಯಿಗೆ ಬಂದು, ತಾಯಿ ಕೊಡುತ್ತಿರುವುದರಿಂದ ಇದು ಉಡುಗೊರೆ. ಹಾಗಾಗಿ ಒಹಾಯೊದ ಪರವಾನಗಿ ವ್ಯಾಪಾರಿಯೊಬ್ಬರ ಅಂಗಡಿಗೆ ಕಳಿಸಿ, ಮಗ ಅಲ್ಲಿ ಹಿನ್ನೆಲೆ ತಪಾಸಣೆ ಮುಗಿಸಿ ತೆಗೆದುಕೊಳ್ಳಬೇಕಾಯಿತು. ಅದರ ಖರ್ಚು ಅವನದೇ.

ಅಮೆರಿಕದಲ್ಲಿರುವ ನಮ್ಮವರಿಗೆ ಇನ್ನೊಂದು ವಿಷಯ ಹೇಳಲೇಬೇಕು. ಎಚ್‌1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು, ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಿಲ್ಲದೆ, ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದೇ ಕೇಂದ್ರ ಕಾನೂನಿನಲ್ಲಿ ಅಪರಾಧ. ಗ್ರೀನ್ ಕಾರ್ಡ್ ಇದ್ದವರಿಗೆ ಆ ತಡೆ ಇಲ್ಲ. ಊರಿಗೆ ತಂದು ಶೋಕೇಸಿನಲ್ಲಿಡುವ ಯೋಚನೆಯಂತೂ ಬೇಡವೇ ಬೇಡ. .45 ರಿಮ್‌ಲೆಸ್ ಗುಂಡು ಹಾರಿಸುವ ಪಿಸ್ತೂಲು ಭಾರತದ ಶಸ್ತ್ರ ನಿಯಮಗಳಲ್ಲಿ ನಿಷೇಧಿತ ಬೋರಿನದು. ಶೂಟಿಂಗ್ ರೇಂಜಿಗೆ ಒಯ್ದ ಬ್ಯಾಗಿನಲ್ಲೇ ಊರಿಗೆ ಹೊರಟು, ಮೂಲೆಯಲ್ಲಿ ಮರೆತ ಒಂದೇ ಒಂದು ಗುಂಡಿನಿಂದ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಕೇಸು ಹಾಕಿಸಿಕೊಳ್ಳುವ ಪ್ರಯಾಣಿಕರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ಬರೆದುಕೊಟ್ಟದ್ದು

ಮೂವರಿಗೂ ಒಂದೊಂದು ಪ್ರತಿಯಾಗಿ ವರದಿ ಬರೆದುಕೊಟ್ಟೆ. ಸೀರಿಯಲ್ ನಂಬರು, ಪ್ರತಿ ಗುರುತಿನ ಹತ್ತಿರದ ಫೋಟೋ, ಹಲಗೆ ಬಿಚ್ಚಿದ ಫ್ರೇಮಿನ ಫೋಟೋ, ಬ್ಯಾರೆಲಿನ ಸಂಖ್ಯೆ, ಕಾಗದದ ನಕಲು, ನಾನು ಕೂಡಿಸಿ ಕಳೆದ ಪ್ರತಿ ಅಂಕಿ ಮತ್ತು ಅದಕ್ಕೆ ಕಾರಣ, ಎಲ್ಲವೂ ಅದರಲ್ಲಿತ್ತು. ಬರೀ 1,700 ಎಂದು ಹೇಳಿ ಎದ್ದುಬಂದಿದ್ದರೆ ಅದು ನನ್ನ ಅಭಿಪ್ರಾಯ ಮಾತ್ರ. ಕಾರಣ ಬರೆದಿದ್ದರೆ ನಾಳೆ ಇನ್ನೊಬ್ಬ ಬಲ್ಲವರು ಅದನ್ನು ಪರೀಕ್ಷಿಸಿ ತಿದ್ದಬಹುದು. ಅಂಗಡಿಯವರ 800 ಡಾಲರಿನ ಲೆಕ್ಕದಲ್ಲಿ ಕಾಗದ ಇರಲಿಲ್ಲ, ಏಕೆಂದರೆ ಮಗ ಅದನ್ನು ಒಯ್ದೇ ಇರಲಿಲ್ಲ ಎಂಬುದನ್ನೂ ಬರೆದೆ. ಅವರ ಮೇಲೆ ಅನುಮಾನ ಉಳಿಯುವುದು ನ್ಯಾಯವಲ್ಲ.

ಮಗ 850 ಡಾಲರ್ ತಂಗಿಗೆ ಕೊಟ್ಟ. ಮೂಲ ಕಾಗದ ಪಿಸ್ತೂಲಿನ ಜೊತೆಗೇ ಹೋಗಬೇಕು, ಬೇರೆ ಇಟ್ಟರೆ ಎರಡರ ಬೆಲೆಯೂ ಕುಗ್ಗುತ್ತದೆ ಎಂದು ಹೇಳಿ, ಆಮ್ಲವಿಲ್ಲದ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಸಿದೆ. ಪಿಸ್ತೂಲನ್ನು ತೊಗಲಿನ ಚೀಲದಲ್ಲಿ ತುಂಬಾ ಕಾಲ ಇಡಬೇಡ, ತೊಗಲು ತೇವ ಹಿಡಿದು ತುಕ್ಕು ತರುತ್ತದೆ ಎಂದೂ ತಿಳಿಸಿದೆ.

ಹೊರಡುವಾಗ ಅವನು ಕೇಳಿದ, ಇದರಲ್ಲಿ ಗುಂಡು ಹಾರಿಸಬಹುದೇ ಎಂದು. ಹಾರಿಸಬಹುದು. ಮೊದಲು ಬಂದೂಕು ದುರಸ್ತಿಗಾರರೊಬ್ಬರಿಂದ ಪರೀಕ್ಷೆ ಮಾಡಿಸಬೇಕು, ಸ್ಲೈಡಿನ ದೊಡ್ಡ ಸ್ಪ್ರಿಂಗನ್ನು ಹೊಸದಕ್ಕೆ ಬದಲಿಸಬೇಕು, ಹಳೆಯದನ್ನು ಎಸೆಯದೆ ಹೆಸರು ಬರೆದು ಎತ್ತಿಡಬೇಕು. 230 ಗ್ರೇನ್ ತೂಕದ ಸಾಮಾನ್ಯ ಸೇನಾ ಮಾದರಿಯ ಗುಂಡು ಮಾತ್ರ ಬಳಸಬೇಕು, ಹೆಚ್ಚು ಒತ್ತಡದ ಗುಂಡು ಆ ಮೆದು ಸ್ಲೈಡಿಗೆ ಆಗದು. ಬಿಚ್ಚಿ ಜೋಡಿಸುವಾಗ ಸ್ಲೈಡ್ ತಡೆಯ ಕಡ್ಡಿಯನ್ನು ಫ್ರೇಮಿನ ಮೇಲೆ ಎಳೆಯಬಾರದು. ಈ ಮಾದರಿಯ ಎಷ್ಟೋ ಪಿಸ್ತೂಲುಗಳ ಎಡಗಡೆ ಅರ್ಧಚಂದ್ರದಂಥ ಗೀರು ಬಿದ್ದಿರುವುದು ಹೀಗೆಯೇ, ಇದರಲ್ಲಿ ಇನ್ನೂ ಬಿದ್ದಿಲ್ಲ.